ಕೂಲಿಯವಳ ಕಾಸು, ಸರ್ಕಾರದ ವಕೀಲ

ಮದ್ದೂರು ಸೀಮೆಯಲ್ಲಿ ಕಬ್ಬು ಕಡಿಯುವ ಹೆಣ್ಣಾಳು ಸಂಜೆ ಅಂಗಡಿಗೆ ಹೋಗಿ ಒಂದು ಸೋಪು, ಒಂದು ಬೆಂಕಿಪೊಟ್ಟಣ ಕೊಳ್ಳುತ್ತಾಳೆ. ತೆರಿಗೆ ಅಲ್ಲೇ ಕಟ್ಟಿ ಆಯಿತು. ಅವಳಿಗೆ ನೋಟೀಸಿಲ್ಲ, ತಕರಾರಿಲ್ಲ, ಅಪೀಲಿಲ್ಲ. ಆದರೂ ಮಂಡ್ಯ ಪೇಟೆಯ ವಿದ್ಯಾವಂತರು ಏನಂತಾರೆ? ‘ಈ ಜನ ಎಲ್ಲಿ ಟ್ಯಾಕ್ಸ್ ಕಟ್ತಾರೆ ಬಿಡಿ, ಎಲ್ಲಾ ಬಿಟ್ಟಿ ಸವಲತ್ತು!’

ಗೆಳೆಯರೇ, ಅವಳ ಕಾಸು ಎಲ್ಲಿಗೆ ಹೋಗುತ್ತದೆ ನೋಡೋಣ.

ಕಬ್ಬಿನದೇ ಒಂದು ಜಗಳ ತಗೊಳ್ಳಿ. ಮಹಾರಾಷ್ಟ್ರ, ಗುಜರಾತಿನ ಸಹಕಾರಿ ಸಕ್ಕರೆ ಕಾರ್ಖಾನೆಗಳು ಕನಿಷ್ಠ ಬೆಲೆಗಿಂತ ಹೆಚ್ಚು ಕೊಟ್ಟವು. ‘ಇದು ಬೆಲೆಯಲ್ಲ, ಲಾಭ ಹಂಚಿಕೆ, ತೆರಿಗೆ ಕಟ್ಟಿ’ ಎಂದಿತು ಆದಾಯ ತೆರಿಗೆ ಇಲಾಖೆ. ವರ್ಷಗಟ್ಟಲೆ ಕೇಸು. 2019ರಲ್ಲಿ ಸುಪ್ರೀಂ ಕೋರ್ಟು ಲೆಕ್ಕವನ್ನು ಮತ್ತೆ ಅಧಿಕಾರಿಗಳ ಮೇಜಿಗೇ ಕಳಿಸಿತು. ಕೊನೆಗೆ 2023ರ ಬಜೆಟ್ಟು ಹಳೆಯ ಬಾಕಿಗೆ ವಿನಾಯಿತಿ ಕೊಟ್ಟಿತು; ಸುಮಾರು 10,000 ಕೋಟಿ ರೂಪಾಯಿ ಪರಿಹಾರ ಎಂದರು ಹಣಕಾಸು ಮಂತ್ರಿ. ಬಜೆಟ್ಟಿನ ಒಂದು ಮಾತಿಗೆ ಮುಗಿಯುವ ಜಗಳಕ್ಕೆ ವಕೀಲರನ್ನು ಸಾಕಿದವರು ಯಾರು? ಒಂದು ಕಡೆಗೆ ಕಬ್ಬು ಬೆಳೆದವರು, ಇನ್ನೊಂದು ಕಡೆಗೆ ಕಬ್ಬು ಕಡಿದು ಸೋಪು ಕೊಂಡವಳು!

ಇದೊಂದೇ ಅಲ್ಲ. ಕೇಂದ್ರದ್ದೇ 2017-18ರ ಆರ್ಥಿಕ ಸಮೀಕ್ಷೆ ಒಪ್ಪಿಕೊಂಡಿದೆ: ನೇರ ತೆರಿಗೆ ಮೊಕದ್ದಮೆಗಳಲ್ಲಿ ಇಲಾಖೆ ಗೆಲ್ಲುವುದು ನೂರಕ್ಕೆ 30ಕ್ಕಿಂತ ಕಡಿಮೆ. ಬಾಕಿ ಕೇಸುಗಳಲ್ಲಿ ನೂರಕ್ಕೆ 66 ತಲಾ 10 ಲಕ್ಷದೊಳಗಿನವು. ಅಷ್ಟೂ ಸೇರಿಸಿದರೆ ತಗಾದೆಯ ಹಣದಲ್ಲಿ ನೂರಕ್ಕೆ 1.8. ಮತ್ತೂ ಅಪೀಲು ಯಾಕೆ? ಹಾಕದಿದ್ದರೆ ಅಧಿಕಾರಿಯ ಮೇಲೆ ಅನುಮಾನ. ಹಾಕಿ ಸೋತರೆ ಅವನ ಗಂಟೇನು ಹೋಯಿತು? 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗುವ ಮಿತಿಯನ್ನು 5 ಕೋಟಿಗೆ ಏರಿಸಿದರು, ಸರಿ. ಸೋತದ್ದಕ್ಕೆ ಹೊಣೆ ಯಾರು?

ಇತ್ತ ಮಳವಳ್ಳಿಯಿರಲಿ, ಯಾವ ತಾಲ್ಲೂಕೇ ಇರಲಿ, ಮಂಜೂರಾದ ಜಮೀನು ಕಳೆದುಕೊಂಡ ದಲಿತ 1978ರ ಪಿ.ಟಿ.ಸಿ.ಎಲ್. ಕಾಯಿದೆ ನಂಬಿ ಹೋದ. 2017ರ ಸುಪ್ರೀಂ ಕೋರ್ಟು ತೀರ್ಪಿನ ಮೇಲೆ ‘ತಡವಾಗಿ ಬಂದೆ’ ಎಂದು ಅರ್ಜಿಗಳು ಬಿದ್ದವು. ಕಾಯಿದೆ ತಿದ್ದಲು ಹೋರಾಟ ಮಾಡಬೇಕಾಯಿತು, 2023 ಬರಬೇಕಾಯಿತು. ಇಲಾಖೆ ವರ್ಷಗಟ್ಟಲೆ ಎಳೆದರೆ ಅದು ಕಾನೂನು; ಹಟ್ಟಿಯವನು ತಡಮಾಡಿದರೆ ಅದು ಅವನ ತಪ್ಪು!

ಅದು ದೆಹಲಿ, ಇದು ಬೆಂಗಳೂರು ಅನ್ನಬೇಡಿ. ಬೆಂಕಿಪೊಟ್ಟಣದ ತೆರಿಗೆಯಲ್ಲಿ ಇಬ್ಬರಿಗೂ ಪಾಲುಂಟು.

ನಾವು ಕೇಳೋದು ಇಷ್ಟೆ. ಸೋತ ಪ್ರತಿ ಅಪೀಲಿನ ಖರ್ಚು, ಅದಕ್ಕೆ ಸಹಿ ಹಾಕಿದವರ ಹೆಸರು ಸದನದ ಮುಂದೆ ಬರಲಿ. ಮಂಜೂರಿ ಜಮೀನಿನ ಕೇಸನ್ನು ಸರ್ಕಾರವೇ ವಕೀಲರನ್ನಿಟ್ಟು ಕೊನೇ ಕೋರ್ಟಿನವರೆಗೂ ನಡೆಸಲಿ.

ಇನ್ನು ಮುಂದೆ ಯಾರಾದರೂ ‘ನೀವೇನು ತೆರಿಗೆ ಕಟ್ತೀರಿ’ ಅಂದರೆ, ಮೇಷ್ಟ್ರೇ, ಹುಡುಗರ ಕೈಗೆ ಒಂದು ಬೆಂಕಿಪೊಟ್ಟಣ ಕೊಟ್ಟು ತೋರಿಸಿ ಅನ್ನಿ.