ಹೊಯ್ಗೆಯಲ್ಲಿ ಹೊಟ್ಟೆ ತುಂಬುವುದೇ?

ಕೆಲಸಕ್ಕೆಂದು ಭುವನೇಶ್ವರಕ್ಕೆ ಬಂದು ಮೂರು ವರ್ಷವಾಯಿತು. ಡಿಸೆಂಬರ್ ಹತ್ತಿರವಾದರೆ ಆಫೀಸಿನ ಒಡಿಯಾ ಗೆಳೆಯರು ಕೇಳುವುದು ಒಂದೇ ಪ್ರಶ್ನೆ, ‘ಈ ಸಲವಾದರೂ ಕೋಣಾರ್ಕಕ್ಕೆ ಹೋಗ್ತೀರಾ?’ ಡಿ. 1ರಿಂದ 5ರವರೆಗೆ ಅಲ್ಲಿ ಎರಡು ಉತ್ಸವಗಳು ಜೊತೆಜೊತೆಗೆ ನಡೆಯುತ್ತವೆ. ಸೂರ್ಯ ದೇಗುಲದ ಹಿನ್ನೆಲೆಯಲ್ಲಿ ಸಂಜೆ ನೃತ್ಯೋತ್ಸವ, ಅಲ್ಲಿಂದ ಸುಮಾರು 3 ಕಿ.ಮೀ. ದೂರದ ಚಂದ್ರಭಾಗಾ ಕಡಲತೀರದಲ್ಲಿ ಅಂತರರಾಷ್ಟ್ರೀಯ ಮರಳು ಕಲಾ ಉತ್ಸವ. ಎರಡು ವರ್ಷ ಸಾಫ್ಟ್‌ವೇರ್ ರಿಲೀಸ್ ನೆಪದಲ್ಲಿ ತಪ್ಪಿಸಿಕೊಂಡಿದ್ದ ನಾನು ಕಳೆದ ಸಲ ಹೆಂಡತಿ, ಮಗಳೊಂದಿಗೆ ಹೋಗಿಯೇ ಬಿಟ್ಟೆ.

ಮರಳು ಶಿಲ್ಪವೆಂದರೆ ಮಕ್ಕಳು ಗುಬ್ಬಿಗೂಡು ಕಟ್ಟುವ ಆಟದ ದೊಡ್ಡ ರೂಪ ಎಂದುಕೊಂಡಿದ್ದೆ. ಹಾಗಲ್ಲ. ಮೊದಲು ಹಲಗೆಗಳ ಚೌಕಟ್ಟು ಕಟ್ಟಿ, ಮರಳು ಸುರಿದು, ನೀರು ಹಾಕಿ, ಕಲ್ಲಿನಂತಾಗುವವರೆಗೆ ದಮ್ಮಸ್ಸು ಮಾಡುತ್ತಾರೆ. ಅದರ ಮೇಲೆ ಚಿಕ್ಕ ಚೌಕಟ್ಟು, ಮತ್ತೆ ಮರಳು, ಮತ್ತೆ ನೀರು. ಕೆತ್ತನೆ ಶುರುವಾಗುವುದು ನೆತ್ತಿಯಿಂದ. ಮೇಲಿನದು ಮುಗಿದ ಮೇಲೆ ಕೆಳಗಿನ ಹಲಗೆ ಬಿಚ್ಚುತ್ತಾರೆ. ಕಾಳು ಕಾಳಿನ ನಡುವೆ ನಿಂತ ತುಸು ನೀರೇ ಇಡೀ ಶಿಲ್ಪವನ್ನು ಹಿಡಿದಿಡುವ ಅಂಟು. ನೀರು ಹೆಚ್ಚಾದರೆ ಕುಸಿಯುತ್ತದೆ, ಆರಿದರೆ ಉದುರುತ್ತದೆ. ಕೆಳಗಿಳಿದ ಮೇಲೆ ಮೂಗು ಸರಿಯಾಗಿಲ್ಲವೆಂದು ಮತ್ತೆ ಮೇಲೆ ಹೋಗಿ ತಿದ್ದುವಂತಿಲ್ಲ. ತಪ್ಪಿದರೆ ಹಿಂದಿನ ಆವೃತ್ತಿಗೆ ಮರಳುವ ನನ್ನಂಥವನಿಗೆ ಎದೆ ಝಲ್ಲೆನ್ನುವ ಕೆಲಸ.

ಒಡಿಶಾದಲ್ಲಿ ಈ ಕಲೆಯ ಮೂಲಕ್ಕೆ ಒಂದು ಕಥೆ ಹೇಳುತ್ತಾರೆ. ಒಡಿಯಾದಲ್ಲಿ ರಾಮಾಯಣ ಬರೆದ ಕವಿ ಬಲರಾಮ ದಾಸನನ್ನು ಪುರಿಯ ರಥಯಾತ್ರೆಯಲ್ಲಿ ರಥ ಹತ್ತಲು ಬಿಡದೆ ಅವಮಾನಿಸಿದರಂತೆ. ನೊಂದ ಕವಿ ಕಡಲತೀರಕ್ಕೆ ಹೋಗಿ ಮರಳಿನಲ್ಲೇ ಜಗನ್ನಾಥ, ಬಲಭದ್ರ, ಸುಭದ್ರೆಯರನ್ನು ಮಾಡಿ ಪೂಜೆಗೆ ಕೂತ. ಅತ್ತ ರಥ ಕದಲಲೇ ಇಲ್ಲ. ದೇವರು ಕವಿಯ ಮರಳಿನ ರೂಪಕ್ಕೆ ಒಲಿದು ಬಂದಿದ್ದ. ಇದನ್ನು ಕೇಳಿದಾಗ ಉಡುಪಿ ಸೀಮೆಯವನಾದ ನನಗೆ ಕನಕನ ಕಿಂಡಿ ನೆನಪಾಗದೆ ಇರಲು ಸಾಧ್ಯವೇ? ಬಾಗಿಲಲ್ಲಿ ತಡೆಸಿಕೊಂಡವರ ಕಡೆಗೆ ದೇವರು ತಿರುಗುವ ಕಥೆ ಎರಡೂ ಕರಾವಳಿಯಲ್ಲಿದೆ.

ಅಲ್ಲಿ ಒಬ್ಬ ಸಹಾಯಕ ಹುಡುಗನೊಡನೆ ಮಾತಿಗಿಳಿದೆ. ಇಪ್ಪತ್ತೈದರ ಆಸುಪಾಸು. ಬೇರೆ ದಿನಗಳಲ್ಲಿ ಗಣೇಶ, ದುರ್ಗೆಯರ ಮಣ್ಣಿನ ಮೂರ್ತಿ ಮಾಡುತ್ತಾನಂತೆ. ‘ಇದರಿಂದ ಜೀವನ ಆಗುತ್ತದಾ?’ ಎಂದು ನಮ್ಮವರ ಮಾಮೂಲಿ ಪ್ರಶ್ನೆ ಕೇಳಿದೆ. ಅವನು ನಕ್ಕು, ‘ಇದೊಂದರಿಂದಲೇ ಆಗುವುದಿಲ್ಲ ಸಾರ್. ಆದರೆ ಡಿಸೆಂಬರ್ ಒಂದು ಎಂದರೆ ಒಂದೇ. ಅದನ್ನು ನೋಡಿಕೊಂಡೇ ಉಳಿದ ಕೆಲಸ ಒಪ್ಪಿಕೊಳ್ಳುತ್ತೇನೆ’ ಎಂದ.

ಆ ಮಾತು ಕೇಳಿದ್ದೇ ನನ್ನ ದೊಡ್ಡಮ್ಮನ ಮಗ ಅಣ್ಣ ಕಣ್ಣ ಮುಂದೆ ಬಂದ. ಕುಂದಾಪುರದ ನಮ್ಮೂರ ಕಡಲ ದಂಡೆಯಲ್ಲಿ ಅವನು ಹೊಯ್ಗೆ ಮುಟ್ಟಿದರೆ ಆಮೆ, ಮೊಸಳೆ, ಯಕ್ಷಗಾನದ ಕೇದಗೆ ಮುಂದಲೆ ಎದ್ದು ಬರುತ್ತಿದ್ದವು. ಒಂದು ಉತ್ಸವದವರು ಕರೆಸಿ ಎರಡು ದಿನ ದುಡಿಸಿ, ಶಾಲು ಹೊದೆಸಿ, ಪ್ರಮಾಣಪತ್ರ ಕೊಟ್ಟು ಕಳಿಸಿದರು. ಮರುವರ್ಷ ಉತ್ಸವವೇ ಇಲ್ಲ. ಅದರ ಮುಂದಿನ ವರ್ಷ ನಾಲ್ಕು ದಿನ ಮೊದಲು ಫೋನು. ಈಗ ಅವನು ಮುಂಬೈಯ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಾನೆ. ಚಂದ್ರಭಾಗಾದಿಂದಲೇ ಫೋಟೊ ಕಳಿಸಿದ್ದೆ. ರಾತ್ರಿ ಫೋನ್ ಮಾಡಿ, ‘ಚಂದ ಇತ್ತ್. ಆರೆ ಹೊಯ್ಗಿಯಂಗೆ ಹೊಟ್ಟಿ ತುಂಬತ್ತಾ ಮಾರಾಯ?’ ಎಂದ. ಉತ್ತರ ನನ್ನಲ್ಲಿರಲಿಲ್ಲ.

ಪ್ರತಿಭೆಗೆ ನಮ್ಮಲ್ಲಿ ಬರವಿಲ್ಲ. ಮಲ್ಪೆಯ ದಂಡೆಯಲ್ಲಿ ಮತದಾನ ಜಾಗೃತಿಯ ಶಿಲ್ಪ ರಚಿಸುವ ಕಲಾವಿದರಿದ್ದಾರೆ. ಕಡಲೇ ಇಲ್ಲದ ಮೈಸೂರಿನಲ್ಲಿ ಎಂ.ಎನ್. ಗೌರಿ ಅವರು ಮರಳು ಶಿಲ್ಪಗಳ ಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ದಂಡೆಗೂ ಕೊರತೆಯಿಲ್ಲ. 2020ರಲ್ಲಿ ದೇಶದ 8 ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಅದರಲ್ಲಿ ಎರಡು, ಪಡುಬಿದ್ರಿ ಮತ್ತು ಕಾಸರಕೋಡು, ನಮ್ಮವೇ. ಒಡಿಶಾದ್ದು ಪುರಿಯ ಒಂದೇ. ಆದರೂ ಮರಳು ಕಲೆ ಎಂದೊಡನೆ ದೇಶಕ್ಕೆ ನೆನಪಾಗುವುದು ಪುರಿ. ಅಲ್ಲಿನ ಸುದರ್ಶನ ಪಟ್ನಾಯಕ್ ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಅವರು ಕಡಲತೀರದಲ್ಲೇ ಶಾಲೆ ನಡೆಸಿ ಹುಡುಗರನ್ನು ತಯಾರು ಮಾಡಿದರು. ಸರ್ಕಾರ ಉತ್ಸವಕ್ಕೆ ಒಂದು ಜಾಗ, ಒಂದು ತಾರೀಕು ಕೊಟ್ಟಿತು.

‘ಅಲೆ ಕೊಚ್ಚಿಕೊಂಡು ಹೋಗುವ ಮರಳಿಗೆ ಸರ್ಕಾರದ ಹಣ ಏಕೆ?’ ಎಂದು ಕೇಳುವವರಿದ್ದಾರೆ. ಬೆಳಗಾಗುವಷ್ಟರಲ್ಲಿ ಯಕ್ಷಗಾನದ ಬಣ್ಣವೂ ಅಳಿಸಿಹೋಗುತ್ತದೆ. ಆದರೂ ಆ ಕಲೆ ಉಳಿದದ್ದು ಹೇಗೆ? ಮೇಳದ ತಿರುಗಾಟ ಶುರುವಾಗುವ, ಮುಗಿಯುವ ಕಾಲ ಗೊತ್ತಿದೆ. ಕಲಾವಿದನಿಗೆ ಆರು ತಿಂಗಳ ಸಂಬಳ ಗೊತ್ತಿದೆ. ಮಂದಾರ್ತಿ, ಕಟೀಲಿನ ಹರಕೆಯಾಟಗಳಿಗೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸುತ್ತಾರೆ. ಚಪ್ಪಾಳೆಯ ಜೊತೆಗೆ ಈ ಖಾತರಿಯೂ ಕಲೆಯನ್ನು ಸಾಕಿತು.

ಇನ್ನು ಶಾಶ್ವತದ ಮಾತು. ಕೋಣಾರ್ಕದ ಜಗಮೋಹನ ಕುಸಿಯಬಾರದೆಂದು 1903ರಲ್ಲಿ ಬ್ರಿಟಿಷರು ಅದರ ಒಳಗೆ ಮರಳು ತುಂಬಿಸಿ ಬಾಗಿಲು ಮುಚ್ಚಿಸಿದ್ದರು. ಅದರ ಹಿಂದೆ ಇದ್ದ ಗರ್ಭಗುಡಿಯ ಶಿಖರ ಅದಕ್ಕೂ ಮೊದಲೇ ಬಿದ್ದಿತ್ತು. ಕಲ್ಲೇ ಬಿದ್ದಿರುವಾಗ ಮರಳು ಉಳಿಯುವುದಿಲ್ಲ ಎಂದು ಅದನ್ನು ಕೀಳಾಗಿ ನೋಡುವುದರಲ್ಲಿ ಅರ್ಥವಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮುನ್ನೂರು ಕಿ.ಮೀ. ಮೀರಿದ ನಮ್ಮ ಕರಾವಳಿಯಲ್ಲಿ ಒಂದು ದಂಡೆ, ಮಳೆ ಮುಗಿದ ಮೇಲಿನ ಒಂದು ವಾರ. ಮಂತ್ರಿ ಬದಲಾದರೂ, ಸರ್ಕಾರ ಬದಲಾದರೂ ತಾರೀಕು ಬದಲಾಗಬಾರದು. ಬಹುಮಾನ ಗೆದ್ದವರಿಗೆ ಮಾತ್ರವಲ್ಲ, ಬಂದ ಪ್ರತಿಯೊಬ್ಬ ಕಲಾವಿದನಿಗೂ, ಮರಳು ಹೊತ್ತು ನೀರು ಹಾಕಿದ ಸಹಾಯಕನಿಗೂ ದಿನದ ಸಂಭಾವನೆ ಸಿಗಬೇಕು. ಶಿಲ್ಪದ ಮುಂದಿನ ಫಲಕದಲ್ಲಿ ಪ್ರಾಯೋಜಕರ ಹೆಸರಿಗಿಂತ ಕಲಾವಿದರ ಹೆಸರು ದೊಡ್ಡದಾಗಿರಬೇಕು. ಪ್ರತಿಸಲವೂ ‘ನೀರು ಉಳಿಸಿ, ಮರ ಬೆಳೆಸಿ’ ಎಂಬ ಘೋಷಣೆಯನ್ನೇ ಕೆತ್ತಬೇಕೆಂಬ ಒತ್ತಾಯ ಬೇಡ. ಅವರಿಗೆ ಯಕ್ಷಗಾನದ ವೇಷ ಕೆತ್ತಬೇಕೆನಿಸಿದರೆ ಕೆತ್ತಲಿ, ಬರೀ ಒಂದು ಆಮೆ ಸಾಕೆನಿಸಿದರೆ ಆಮೆ.

ಚಂದ್ರಭಾಗಾದಿಂದ ಹೊರಡುವಾಗ ಮಗಳು ತಾನು ಮಾಡಿದ ಗುಬ್ಬಿಗೂಡನ್ನು ಬಿಟ್ಟು ಬರಲು ಒಪ್ಪಲಿಲ್ಲ. ‘ನಾಳೆ ಬಂದರೆ ಇರುತ್ತಾ ಅಪ್ಪ?’ ಎಂದಳು. ‘ಇರಲ್ಲ ಮಗಾ, ಮುಂದಿನ ವರ್ಷ ಬಂದು ಇನ್ನೊಂದು ಮಾಡೋಣ’ ಎಂದೆ. ಧೈರ್ಯವಾಗಿ ಹಾಗೆ ಹೇಳಲು ಸಾಧ್ಯವಾದದ್ದು ತಾರೀಕು ಗೊತ್ತಿದ್ದುದರಿಂದ. ನಮ್ಮೂರಿನ ದಂಡೆಯಲ್ಲಿ ನಿಂತು ಅಣ್ಣನಿಗೂ ಒಮ್ಮೆ ಹಾಗೆ ಹೇಳುವಂತಾಗಬೇಕು.