ಬೆಳಗಿನ ಮಾತ್ರೆ



ಕಳೆದ ತಿಂಗಳು ಮೈಸೂರಿಗೆಂದು ಹುಣಸೂರಿನಲ್ಲಿ ಮುಂಜಾನೆ ಬಸ್ಸು ಹತ್ತಿದೆ. ಪಿರಿಯಾಪಟ್ಟಣದ ಕಡೆಯಿಂದ ಬಂದ ಬಸ್ಸು. "ಕೂತ್ಕೊಳ್ಳಿ ಸಾರ್" ಎಂದು ಎದ್ದು ನಿಂತವನು ನಿಮ್ಮಲ್ಲೇ ಒಬ್ಬ, ಹೆಸರು ಬೇಡ. ಮೂರು ವರ್ಷಗಳ ಹಿಂದೆ ಅವನ ತಾಯಿ ತಮ್ಮದೊಂದು ಮೂತ್ರಪಿಂಡವನ್ನು ಅವನಿಗೆ ಕೊಟ್ಟಿದ್ದರು. ಬೆಳಗಿನ ಮಾತ್ರೆ ಇನ್ನೂ ಜೇಬಿನಲ್ಲೇ ಇತ್ತು. ಟ್ಯಾಕ್ರೊಲಿಮಸ್ ಎಂಬ ಆ ಔಷಧ ರಕ್ತದಲ್ಲಿ ಎಷ್ಟಿದೆಯೆಂದು ಅಳೆಯಲು, ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನದನ್ನು ನುಂಗುವ ಮೊದಲು ರಕ್ತ ಕೊಡಬೇಕು.

ತರಗತಿಯಲ್ಲಿ ನಾನು ಬಿಳಿ ರಕ್ತಕಣಗಳನ್ನು ಕೋಟೆಯ ಕಾವಲುಗಾರರಿಗೆ ಹೋಲಿಸುತ್ತಿದ್ದೆ. ನೀವೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆದಿರಿ. ಅದು ಅರ್ಧ ಪಾಠ. ಗರ್ಭದಲ್ಲಿದ್ದ ಮಗುವಿನ ಜೀವಕೋಶಗಳು ಹೆರಿಗೆಯಾಗಿ 27 ವರ್ಷಗಳ ನಂತರವೂ ತಾಯಿಯ ರಕ್ತದಲ್ಲಿ ಸಿಕ್ಕಿದ್ದನ್ನು ಡಯಾನಾ ಬಿಯಾಂಕಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದರು. ಪರಕೀಯವನ್ನು ತಾಯಿಯ ಮೈ ಅಷ್ಟು ಕಾಲ ಸಹಿಸಬಲ್ಲದು. ಮಗನ ಮೈ ಮಾತ್ರ ತಾಯಿಯ ಮೂತ್ರಪಿಂಡವನ್ನು ಮಾತ್ರೆಯ ಬಲವಿಲ್ಲದೆ ಒಪ್ಪದು.

ಆ ತಿರಸ್ಕಾರ ಎಷ್ಟೋ ಸಲ ಸದ್ದಿಲ್ಲದೆ ಆರಂಭವಾಗುತ್ತದೆ. ನೋವಿಲ್ಲ, ಜ್ವರವಿಲ್ಲ. ಕಾಲು ಊದಿಕೊಳ್ಳುವ ಹೊತ್ತಿಗೆ ಹಾನಿಯಾಗಿರುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಸಂಶಯ. ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿರ್ಧಾರ. ರಕ್ತದಲ್ಲಿ ತೇಲುವ ದಾನಿಯ ಡಿಎನ್‌ಎ ತುಣುಕುಗಳನ್ನು ಅಳೆಯುವ ಹೊಸ ಪರೀಕ್ಷೆಯೂ ಬಂದಿದೆ, ದುಬಾರಿ.

ನನ್ನ ಶಿಷ್ಯ ಎರಡು ಬಾರಿ ರಕ್ತಪರೀಕ್ಷೆ ತಪ್ಪಿಸಿದ್ದನಂತೆ. "ಚೆನ್ನಾಗೇ ಇದೀನಲ್ಲ ಸಾರ್, ಒಂದಿನದ ಕೂಲಿ ಹೋಗುತ್ತೆ" ಎಂದ. ಗದರಬೇಕೆನಿಸಿತು. ಮೇಷ್ಟ್ರ ಚಟ. ಆದರೆ ತಪ್ಪು ಅವನೊಬ್ಬನದೇ?

2021ರಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದಾಗ ನಾಡು ತಲೆಬಾಗಿತು. ಸರಿಯೇ. ಅಂಗ ಪಡೆದವರು ಅದನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಪಡುವ ಪಾಡನ್ನು ಮಾತ್ರ ನಾವು ಕೇಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ನಿಗದಿತ ದಿನ ಇಂಥವರ ರಕ್ತ ಪಡೆದು ಮೈಸೂರಿಗೆ ಕಳುಹಿಸಬೇಕೆಂಬುದು ನನ್ನ ಅಭಿಪ್ರಾಯ. ಶೀತದಲ್ಲಿಟ್ಟರೆ ಆ ರಕ್ತ ಕೆಲವು ದಿನ ಕೆಡದು. ಕೋಟೆಯ ಕಾಡಂಚಿನಿಂದ ಮನುಷ್ಯ ಬರುವುದಕ್ಕಿಂತ ಸೀಸೆ ಬರುವುದು ಸುಲಭ.

ನಿಮ್ಮಲ್ಲಿ ಕೆಲವರು ಆರೋಗ್ಯ ಇಲಾಖೆಯಲ್ಲಿದ್ದೀರಿ. ಇದಕ್ಕೆ ಅಡ್ಡಿಯೇನೆಂದು ನನಗೆ ಬರೆದು ತಿಳಿಸಿ.