ಹೆರಿಗೆಯ ಲೆಕ್ಕವೂ ಸೂಲಗಿತ್ತಿಯ ಹೊಣೆಯೂ

2018ರ ಡಿಸೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಪ್ರಸೂತಿಸೇವೆಯನ್ನು ಕುರಿತ ಮಾರ್ಗಸೂಚಿಯೊಂದನ್ನು ಹೊರಡಿಸಿ, ಶುಶ್ರೂಷಾವಿದ್ಯೆಯಲ್ಲಿ ಆಗಲೇ ತೇರ್ಗಡೆಯಾದವರಿಗೆ 18 ತಿಂಗಳ ವಿಶೇಷ ಶಿಕ್ಷಣವನ್ನಿತ್ತು, ಸಹಜವಾದ ಹೆರಿಗೆಯನ್ನು ಮೊದಲಿನಿಂದ ಕೊನೆಯವರೆಗೆ ತಮ್ಮದೇ ವಿವೇಚನೆಯಿಂದ ನಡೆಸಬಲ್ಲ ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಎಂಬ ನೂತನ ವರ್ಗವೊಂದನ್ನು ಸಿದ್ಧಪಡಿಸುವ ಸಂಕಲ್ಪವನ್ನು ಪ್ರಕಟಿಸಿತು. ಅದೇ ತಿಂಗಳ 25ರಂದು, ಪಾವಗಡದ ಸೀಮೆಯಲ್ಲಿ ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿ ಪದ್ಮಶ್ರೀ ಪುರಸ್ಕಾರಕ್ಕೆ ಭಾಜನರಾಗಿದ್ದ ಸೂಲಗಿತ್ತಿ ನರಸಮ್ಮನವರು ದಿವಂಗತರಾದರು. ಅವರ ಕಾಲದ ಮನೆಹೆರಿಗೆಗೆ ನಾಡು ಹಿಂದಿರುಗಬೇಕೆಂದು ಬುದ್ಧಿಯುಳ್ಳವರಾರೂ ಹೇಳರು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತೋರಿಸಿರುವುದು ಸಂತೋಷದ ವಿಷಯವೇ ಸರಿ. ಪರಂತು ಅವರು ಕಲಿತ ಬಗೆಯಲ್ಲಿ, ಎಂದರೆ ತಾನೇ ನಿರ್ಧರಿಸಿ ತಾನೇ ಹೊಣೆ ಹೊರುತ್ತಿದ್ದ ಅಜ್ಜಿಯ ಜೊತೆಜೊತೆಗೆ ಇದ್ದು ಕಲಿತ ಬಗೆಯಲ್ಲಿ, ಇಂದಿನ ಶಿಕ್ಷಣಕ್ರಮವು ಕಳೆದುಕೊಂಡ ಅಂಶವೊಂದುಂಟು. ಅದನ್ನು ಮರಳಿ ಪಡೆಯದೆ, ಹೊಸ ಹೆಸರನ್ನು ಕೊಟ್ಟ ಮಾತ್ರಕ್ಕೆ ಸ್ವತಂತ್ರ ವೃತ್ತಿಯೊಂದು ಹುಟ್ಟಲಾರದು.

ನಮ್ಮ ನರ್ಸಿಂಗ್ ವಿದ್ಯಾಲಯಗಳ ಹುಡುಗಿಯರು ಲೇಬರ್ ರೂಮಿನ ಪೋಸ್ಟಿಂಗಿಗೆ ಹೊರಡುವಾಗ ಕೈಯಲ್ಲೊಂದು ಕೇಸ್ ಬುಕ್ ಹಿಡಿದಿರುತ್ತಾರೆ. ಇಷ್ಟು ಗರ್ಭಿಣಿಯರ ತಪಾಸಣೆ, ಇಷ್ಟು ಹೆರಿಗೆ, ಇಷ್ಟು ಬಾಣಂತಿಯರ ಆರೈಕೆ ಎಂದು ಅದರಲ್ಲಿ ವಿಧಿಸಿರುವ ಸಂಖ್ಯೆಗಳಿಗೆ ಸಹಿ ಬೀಳಬೇಕು. ಸಂಖ್ಯೆಯ ಈ ಪದ್ಧತಿ ನಮ್ಮದೊಂದೇ ಅಲ್ಲ. ಬ್ರಿಟನ್ನಿನಲ್ಲಿಯೂ ವಿದ್ಯಾರ್ಥಿನಿಯು 40 ಹೆರಿಗೆಗಳನ್ನು ಸ್ವಹಸ್ತದಿಂದ ಮಾಡಿಸಿರಬೇಕೆಂದೂ, ಅಷ್ಟು ದೊರೆಯದಿದ್ದಲ್ಲಿ 30ನ್ನು ಮಾಡಿಸಿ ಇನ್ನೂ 20ಕ್ಕೆ ನೆರವಾಗಿರಬೇಕೆಂದೂ ನಿಯಮವುಂಟು. ಆದರೆ ಅಲ್ಲಿ ಆಕೆಯನ್ನು ವಾರ್ಡಿನ ಸಿಬ್ಬಂದಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ದಿನವೂ ಕಲಿಸುವವರು ಒಬ್ಬರು, ಕಲಿತುದನ್ನು ಅಳೆಯುವವರು ಮತ್ತೊಬ್ಬರು. ನಮ್ಮಲ್ಲಿ ಸಂಖ್ಯೆಯು ಬಂದಿತು, ಈ ಕಾವಲು ಬರಲಿಲ್ಲ. ಗರಡಿಯ ಹೊರಗೆ ನಿಂತು ಪಟ್ಟುಗಳನ್ನು ಎಣಿಸಿಕೊಂಡವನು ಜಟ್ಟಿಯಾಗುವುದುಂಟೇ?

ದೊಡ್ಡ ಸರ್ಕಾರಿ ಆಸ್ಪತ್ರೆಯ ಲೇಬರ್ ರೂಮನ್ನು ಕಂಡವರಿಗೆ ಈ ಮಾತು ವಿವರಿಸದೆಯೇ ತಿಳಿಯುವುದು. ಬೇನೆಯಿಂದ ನರಳುವ ಒಬ್ಬಾಕೆಯ ಮಂಚದ ಸುತ್ತ ಸ್ನಾತಕೋತ್ತರ ವೈದ್ಯರು, ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು, ನರ್ಸಿಂಗ್ ಕಾಲೇಜಿನವರು, ಎ.ಎನ್.ಎಂ. ತರಬೇತಿಯವರು ನೆರೆದಿರುತ್ತಾರೆ, ಅವರೆಲ್ಲರ ಕಲಿಕೆಗೆ ತನ್ನ ಮೈಯೇ ಪಾಠವಾಗಬಹುದೇ ಎಂದು ಆ ತಾಯಿಯನ್ನು ಕೇಳಿದವರು ವಿರಳ. ಈ ಸರತಿಯಲ್ಲಿ ಕಡೆಯ ಸ್ಥಾನವು ಯಾರದೆಂಬುದನ್ನು ಹೇಳಬೇಕಾಗಿಲ್ಲ. ಚೊಚ್ಚಲ ಹೆರಿಗೆಯ ಬೇನೆಯು ಹನ್ನೆರಡು ಗಂಟೆಯನ್ನು ಮೀರಿ ನಡೆಯುವುದು ಅಪರೂಪವಲ್ಲ. ವಿದ್ಯಾರ್ಥಿನಿಯ ಡ್ಯೂಟಿಯಾದರೋ ಆರೋ ಎಂಟೋ ಗಂಟೆಯದು. ಆದಕಾರಣ ಆಕೆ ಒಬ್ಬಳ ದಾಖಲಾತಿಯನ್ನು ನೋಡುತ್ತಾಳೆ, ಇನ್ನೊಬ್ಬಳ ಕೂಸು ಹೊರಬರುವುದನ್ನು ನೋಡುತ್ತಾಳೆ, ಮತ್ತೊಬ್ಬಳ ಹೊಲಿಗೆಯನ್ನು ನೋಡುತ್ತಾಳೆ; ಒಬ್ಬಳೇ ತಾಯಿಯ ಹೆರಿಗೆಯನ್ನು ಆದಿಯಿಂದ ಅಂತ್ಯದವರೆಗೆ ಕಾಣುವ ಯೋಗವು ಅವಳಿಗಿಲ್ಲ. ಈ ವೃತ್ತಿಯ ತಿರುಳಾದರೋ ಆ ನಡುವಣ ಕಾಯುವಿಕೆಯಲ್ಲಿಯೇ ಅಡಗಿದೆ. ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತವನ್ನು ಆಲಿಸುತ್ತ, ಬೇನೆಗಳ ಅಂತರವನ್ನು ಗಮನಿಸುತ್ತ, ಇದು ನಿಧಾನವೋ ತಡೆಯೋ ಎಂದು ಬಗೆಹರಿಸುತ್ತ, ಏನನ್ನೂ ಮಾಡದಿರುವುದೇ ಯುಕ್ತವಾದ ಘಳಿಗೆಯಾವುದು, ಒಂದು ನಿಮಿಷವನ್ನೂ ಕಳೆಯದೆ ವೈದ್ಯರನ್ನು ಕರೆಯತಕ್ಕ ಘಳಿಗೆಯಾವುದು ಎಂಬುದನ್ನು ಅರಿಯುವ ಶಕ್ತಿಯು ಈ ಕಾಯುವಿಕೆಯಿಂದಲ್ಲದೆ ಬೇರೆಲ್ಲಿಂದಲೂ ಬಾರದು. ಬೇನೆಯ ಗತಿಯನ್ನು ಆಗಿಂದಾಗ್ಗೆ ಗೆರೆಗಳಲ್ಲಿ ಗುರುತಿಸಲೆಂದೇ ಇರುವ ಪಾರ್ಟೋಗ್ರಾಫಿನ ಹಾಳೆಯನ್ನು ಹೆರಿಗೆ ಮುಗಿದ ಮೇಲೆ ಕುಳಿತು ತುಂಬಿಸುವ ಅಭ್ಯಾಸವನ್ನು ಕಂಡು ಕಲಿತವಳು, ಆ ಗೆರೆಗಳ ಅರ್ಥವನ್ನು ಯಾವಾಗ ಕಲಿಯಬೇಕು? ಆಸ್ಟ್ರೇಲಿಯದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಕಡೆಯಪಕ್ಷ 10 ಮಂದಿ ಸ್ತ್ರೀಯರನ್ನು ಬಸುರಿನಿಂದ ಬಾಣಂತನದವರೆಗೆ ಜೊತೆಗಿದ್ದು ಅನುಸರಿಸಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ.

ಇಷ್ಟನ್ನು ಸರಿಪಡಿಸಿದರೂ ಮೂಲದ ತೊಡಕೊಂದು ಉಳಿಯುತ್ತದೆ. ತನಗಿಂತ ಮೇಲಿನ ಸ್ಟಾಫ್ ನರ್ಸು ಪ್ರತಿಯೊಂದಕ್ಕೂ ವೈದ್ಯರ ಮುಖವನ್ನು ನೋಡುವ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದರೂ, ವಿದ್ಯಾರ್ಥಿನಿಯು ಕಲಿಯುವುದು ವಿಧೇಯತೆಯನ್ನೇ ಹೊರತು ವಿವೇಚನೆಯನ್ನಲ್ಲ. ಸ್ವತಂತ್ರ ಮಿಡ್‌ವೈಫನ್ನು ತಯಾರಿಸಲು ಸ್ವತಂತ್ರ ಮಿಡ್‌ವೈಫೇ ಬೇಕು. ಅಂಥವರು ನಮ್ಮಲ್ಲಿ ಇಲ್ಲದಿರುವುದರಿಂದಲೇ ಈ ಯೋಜನೆಯು ಹುಟ್ಟಿತು. 2018ರ ಮಾರ್ಗಸೂಚಿಯು ಈ ಇಕ್ಕಟ್ಟನ್ನು ಅರಿಯದೆ ಇರಲಿಲ್ಲ: ಮೊದಲ ಬೋಧಕರನ್ನು ಸಿದ್ಧಪಡಿಸಲು ವಿದೇಶದ ಮಿಡ್‌ವೈಫ್ ಶಿಕ್ಷಕಿಯರನ್ನು ಕರೆಸುವುದೆಂದೂ, ಮಿಡ್‌ವೈಫರೇ ಮುನ್ನಡೆಸುವ ಹೆರಿಗೆ ಘಟಕಗಳನ್ನು ದೊಡ್ಡ ಆಸ್ಪತ್ರೆಗಳ ಆವರಣದಲ್ಲಿಯೇ ತೆರೆಯುವುದೆಂದೂ ಅದು ಸೂಚಿಸಿತು. ತೆಲಂಗಾಣವು ಇದಕ್ಕೂ ಮುಂಚೆಯೇ, 2017ರಲ್ಲಿ, ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಮತ್ತು ಯೂನಿಸೆಫ್ ಸಂಸ್ಥೆಗಳೊಡಗೂಡಿ ಕರೀಂನಗರದಲ್ಲಿ ಶಿಕ್ಷಣವನ್ನು ಆರಂಭಿಸಿ ದಾರಿ ತೋರಿತ್ತು. ನನ್ನ ಅಭಿಪ್ರಾಯದಲ್ಲಿ ಕ್ರಮವು ಹೀಗೆಯೇ ಇರತಕ್ಕದ್ದು: ಘಟಕವು ಮೊದಲು, ಶಿಷ್ಯರು ಆಮೇಲೆ.

ಪ್ರಸೂತಿತಜ್ಞರಲ್ಲಿ ಕೆಲವರು ಮಿಡ್‌ವೈಫರ ಈ ಸ್ವಾತಂತ್ರ್ಯವನ್ನು ಶಂಕೆಯಿಂದ ನೋಡುತ್ತಾರೆ. ಆ ಶಂಕೆಯು ಕೇವಲ ಅಧಿಕಾರದ ಮೋಹವಲ್ಲ. ಕೂಸು ಹುಟ್ಟಿದ ಬಳಿಕ ರಕ್ತಸ್ರಾವವು ಕೆಲವೇ ನಿಮಿಷಗಳಲ್ಲಿ ತಾಯಿಯ ಪ್ರಾಣವನ್ನು ಒಯ್ಯಬಲ್ಲುದು. ಆದರೆ ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದಾಗುತ್ತಿರುವಾಗ, ವೈದ್ಯರ ಕೈ ತುಂಬಿ ತುಳುಕುತ್ತಿರುವಾಗ, ತೊಂದರೆಯಿಲ್ಲದ ಹೆರಿಗೆಯ ಬಳಿ ತಾಳ್ಮೆಯಿಂದ ಕುಳಿತಿರುವವರು ಯಾರು? ಮಿಡ್‌ವೈಫಿನ ಸ್ವಾತಂತ್ರ್ಯವೆಂದರೆ ತನ್ನ ಎಲ್ಲೆಯನ್ನು ಅರಿತ ಸ್ವಾತಂತ್ರ್ಯ. ಮೊದಲ ತಿಂಗಳುಗಳಲ್ಲಿ ಗುರುವಿನ ಕೈಯ ಮೇಲೆ ತನ್ನ ಕೈ, ಆಮೇಲೆ ತನ್ನ ಕೈಯ ಮೇಲೆ ಗುರುವಿನ ಕೈ, ಕಡೆಗೆ ಗುರುವು ಕೋಣೆಯ ಬಾಗಿಲಲ್ಲಿ. ಹೀಗೆ ಹೊಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಹಿಸಿಕೊಡುವುದಕ್ಕೆ 18 ತಿಂಗಳಲ್ಲಿ ಕೊನೆಯ 6ನ್ನು ಅಭ್ಯಾಸಕ್ಕೆಂದೇ ಬಿಟ್ಟಿರುವುದು ಉಚಿತವಾಗಿದೆ.

2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆಯು 1947ರ ನರ್ಸಿಂಗ್ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ ನಿಲ್ಲತಕ್ಕದ್ದು. ರಾಜ್ಯಗಳಲ್ಲಿಯೂ ಆಯೋಗಗಳು ಏರ್ಪಡಬೇಕಾಗಿವೆ. ಇವು ಕೇಸ್ ಬುಕ್ಕಿನ ಸಂಖ್ಯೆಗಳನ್ನು ಪುನಃ ತಿದ್ದುವುದರಲ್ಲಿ ಕಾಲ ಕಳೆಯದೆ, ಯಾವ ಆಸ್ಪತ್ರೆಯನ್ನು ಕಲಿಕೆಗೆ ಅರ್ಹವೆಂದು ಒಪ್ಪಬೇಕು ಎಂಬುದನ್ನು ಮೊದಲು ನಿರ್ಣಯಿಸಲಿ. ಜೊತೆಗೆ ರಾಜ್ಯ ಸರ್ಕಾರವು ಮಾಡಬೇಕಾದ ಸಣ್ಣ ಕೆಲಸವೊಂದುಂಟು, ಅದಕ್ಕೆ ಹಣವೂ ಬೇಕಿಲ್ಲ: ಶ್ರಮಪಟ್ಟು ಶಿಕ್ಷಣ ಮುಗಿಸಿಬಂದ ಮಿಡ್‌ವೈಫನ್ನು, ವಾರ್ಡುಗಳ ಸರತಿಯ ನೆಪದಿಂದ, ಹೆರಿಗೆ ಕೋಣೆಯಿಂದ ಕಿತ್ತು ಜ್ವರದ ವಾರ್ಡಿಗೋ ಹೊರರೋಗಿ ವಿಭಾಗಕ್ಕೋ ಹಾಕಕೂಡದೆಂದು ಒಂದು ಆದೇಶವನ್ನು ಹೊರಡಿಸುವುದು.